ಅಂಕವೂ ಅಂಕಿತವೂ: ಪ್ರವೇಶಪರೀಕ್ಷೆಯ ಫಲವನ್ನು ಕಾಣುವ ಅಧಿಕಾರದ ವಿಚಾರ

ವಿದ್ಯಾರ್ಥಿಯು ಕಾಲೇಜಿನ ಪ್ರವೇಶಕ್ಕಾಗಿ ಬರೆದ ಪರೀಕ್ಷೆಯ ಅಂಕಗಳು ಯಾರ ಸೊತ್ತು? ಬರೆದವನದೋ, ಅಳೆದವನದೋ, ಆ ಅಳತೆಯನ್ನು ನಂಬಿ ಸ್ಥಾನವನ್ನು ಕೊಡುವವನದೋ, ಅಥವಾ ಅದೇ ಸ್ಥಾನಕ್ಕಾಗಿ ಸಾಲಿನಲ್ಲಿ ನಿಂತ ಇತರರದೋ? ಮೇಲುನೋಟಕ್ಕೆ ಇದು ವಕೀಲರ ಪ್ರಶ್ನೆಯಂತೆ ತೋರಬಹುದು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂತಹ ಊರುಗಳಲ್ಲಿ ಪ್ರತಿವರ್ಷವೂ ಬೇಸಗೆ ಕಳೆಯುವ ಹೊತ್ತಿಗೆ ಇದು ಮನೆಮನೆಯ ಪ್ರಶ್ನೆಯಾಗುವುದು. ಅಂತಹ ಊರುಗಳಲ್ಲಿ ಫಲಿತಾಂಶವು ಬರೆದವನಿಗಿಂತ ಮೊದಲೇ ಇಂಟರ್‌ನೆಟ್ ಅಂಗಡಿಯವನಿಗೂ, ಓಣಿಯ ವಾಟ್ಸ್ಯಾಪ್ ಗುಂಪಿಗೂ ತಿಳಿದಿರುವುದುಂಟು. ಹೆಚ್ಚು ಅಂಕ ಬಂದವನ ಭಾವಚಿತ್ರವು ಬಸ್ ನಿಲ್ದಾಣದ ಫ್ಲೆಕ್ಸ್ ಹಲಗೆಯನ್ನೇರುವುದು. ಕಡಿಮೆ ಬಂದವನು ಮನೆಯಿಂದ ಹೊರಗೆ ಕಾಲಿಡಲು ಅಳುಕುವನು. ಇಬ್ಬರನ್ನೂ ಯಾರೂ ಕೇಳಿರುವುದಿಲ್ಲ. ಈ ವಿಷಯದಲ್ಲಿ ಯುಕ್ತವಾದುದಾವುದು, ಅಯುಕ್ತವಾದುದಾವುದು ಎಂಬುದನ್ನು ಶಬ್ದದಿಂದಲೂ, ಪೂರ್ವಪದ್ಧತಿಯಿಂದಲೂ, ಇಂದಿನ ಶಾಸನದಿಂದಲೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

'ಅಂಕ'ವೆಂಬುದು ಸಂಸ್ಕೃತದಲ್ಲಿ ಅನೇಕಾರ್ಥಕವಾದ ಶಬ್ದ. ಗುರುತು, ಕಲೆ, ಸಂಖ್ಯೆ, ತೊಡೆ ಅಥವಾ ಮಡಿಲು, ನಾಟಕದ ಒಂದು ಭಾಗ—ಇವೆಲ್ಲವೂ ಅದರ ಅರ್ಥಗಳೇ. ಕನ್ನಡದಲ್ಲಿ ಅದಕ್ಕೆ ಕಾಳಗ, ಪಂಥದ ಹೋರಾಟ ಎಂಬ ಅರ್ಥವೂ ಕೂಡಿಕೊಂಡಿತು. ಹಳಗನ್ನಡದ 'ಅಂಕಕಾರ'ನು ಇಂತಹ ಹೋರಾಟದ ವೀರ. ಕರಾವಳಿಯ 'ಕೋಳಿ ಅಂಕ'ದಲ್ಲಿ ಆ ಅರ್ಥವು ಇಂದಿಗೂ ಉಳಿದಿದೆ. ಹೀಗೆ ಒಂದೇ ಶಬ್ದವು ಒಂದು ಕಡೆ ತಾಯಿಯ ಮಡಿಲಿನ ಮರೆಯನ್ನೂ, ಮತ್ತೊಂದು ಕಡೆ ನೆರೆದ ಜನದ ನಡುವಣ ಕಣವನ್ನೂ ಸೂಚಿಸುತ್ತದೆ. ಪರೀಕ್ಷೆಯ ಅಂಕವು ಈ ಎರಡರೊಳಗೆ ಯಾವುದಕ್ಕೆ ಸೇರಿದುದೆಂಬ ಸಂದೇಹವೇ ಇಂದಿನ ವಿವಾದದ ಮೂಲ.

ಇದರೊಡನೆ 'ಅಂಕಿತ'ವೆಂಬ ಶಬ್ದವನ್ನೂ ಗಮನಿಸಬೇಕು. ಗುರುತು ಹಾಕಲ್ಪಟ್ಟದ್ದು ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಅದು ಕರ್ತೃವು ತನ್ನ ಕೃತಿಗೆ ಒತ್ತುವ ಮುದ್ರೆಯೂ ಆಗಿದೆ, ಸಹಿಯೂ ಆಗಿದೆ. ವಚನಕಾರರ ಅಂಕಿತಗಳು ಅಧ್ಯಾಪಕವರ್ಗಕ್ಕೆ ಸುಪರಿಚಿತವಾದವು. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಅಂಕಿತದಲ್ಲಿ ತನ್ನ ಭಾರತವನ್ನು ರಚಿಸಿದನು. ಕೃತಿಯ ಗುಣದೋಷಗಳನ್ನು ಯಾರು ಬೇಕಾದರೂ ಅಳೆಯಬಹುದು. ಅದರ ಕೆಳಗೆ ಅಂಕಿತವನ್ನಿಡುವ ಅಧಿಕಾರವು ಮಾತ್ರ ಕರ್ತೃವಿಗಲ್ಲದೆ ಮತ್ತೊಬ್ಬನಿಗಿಲ್ಲ. ಪರೀಕ್ಷೆಯಲ್ಲಿಯೂ ಹಾಗೆಯೇ ಎಂಬುದು ಈ ಲೇಖನದ ಪ್ರತಿಜ್ಞೆ. ಅಂಕವನ್ನು ಕೊಡುವುದು ಪರೀಕ್ಷಕನ ಅಧಿಕಾರ. ಆ ಅಂಕವನ್ನು ತನ್ನ ಹೆಸರಿನೊಡನೆ ಕೂಡಿಸಿ ಲೋಕದ ಮುಂದಿಡುವುದು, ಎಂದರೆ ಅಂಕಿತವನ್ನು ಹಾಕುವುದು, ವಿದ್ಯಾರ್ಥಿಯ ಅಧಿಕಾರ.

೨. ಹಿಂದಿನ ಪದ್ಧತಿ

ನಮ್ಮ ದೇಶದ ಪ್ರಾಚೀನ ಪರೀಕ್ಷೆಗಳೆಲ್ಲ ಬಹಿರಂಗವಾಗಿದ್ದವು, ಆದುದರಿಂದ ಗೋಪ್ಯತೆಯು ಪಾಶ್ಚಾತ್ಯರಿಂದ ಬಂದ ಕಲ್ಪನೆ ಎಂದು ಕೆಲವರು ಹೇಳುವುದುಂಟು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಉಜ್ಜಯಿನಿಯಲ್ಲಿ ಕವಿಗಳಿಗೂ, ಪಾಟಲಿಪುತ್ರದಲ್ಲಿ ಶಾಸ್ತ್ರಕಾರರಿಗೂ ನಡೆದ ಪರೀಕ್ಷೆಗಳ ಪ್ರತೀತಿಯನ್ನು ಹೇಳಿರುವುದು ನಿಜ. ಆದರೆ ಆ ಸಭೆಗೂ ಇಂದಿನ ಫಲಿತಾಂಶದ ಪ್ರಕಟಣೆಗೂ ಇರುವ ಅಂತರವನ್ನು ಗಮನಿಸಬೇಕು. ವಿದ್ವತ್ಸಭೆಯಲ್ಲಿ ಕುಳಿತವರು ಆ ವಿದ್ಯೆಯನ್ನು ಬಲ್ಲವರು. ಅವರು ಕೇಳುತ್ತಿದ್ದುದು ಕವಿಯ ಕಾವ್ಯವನ್ನು, ಪಂಡಿತನ ವಾದವನ್ನು. ಸೋತವನು ಏಕೆ ಸೋತನೆಂಬುದೂ ಅಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಇಂದು ಬೀದಿಯಲ್ಲಿ ನಿಂತವನಿಗೆ ಕಾಣುವುದು ಕೇವಲ ಒಂದು ಸಂಖ್ಯೆ. ಉತ್ತರವನ್ನು ಓದದೆ, ವಿಷಯವನ್ನರಿಯದೆ, ಪರೀಕ್ಷೆಯ ದಿನ ಆ ಮಗುವಿಗೆ ಜ್ವರವಿತ್ತೋ, ಮನೆಯಲ್ಲಿ ಸಾವಾಗಿತ್ತೋ ಎಂಬುದನ್ನು ಕೇಳದೆ, ಸಂಖ್ಯೆಯನ್ನು ಮಾತ್ರ ನೋಡಿ ಅವನು ತೀರ್ಪು ಕೊಡುವನು. ಇದನ್ನು ಸಭಾಪರೀಕ್ಷೆಗೆ ಹೋಲಿಸುವುದು ಸಾಧುವಲ್ಲ.

ಈ ಪ್ರಾಂತದ ಆಧುನಿಕ ಇತಿಹಾಸವನ್ನು ನೋಡಿದರೆ, ಕಾಲೇಜಿನ ಪ್ರವೇಶಪರೀಕ್ಷೆಯೆಂಬುದು ಇಲ್ಲಿಗೆ ಬಂದುದು ಮ್ಯಾಟ್ರಿಕ್ಯುಲೇಶನ್ ರೂಪದಲ್ಲಿ. ಮುಂಬಯಿ ವಿಶ್ವವಿದ್ಯಾಲಯವು ೧೮೫೭ರಲ್ಲಿ ಸ್ಥಾಪಿತವಾಗಿ, ೧೮೫೯ರಲ್ಲಿ ಮೊದಲನೆಯ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯನ್ನು ನಡೆಸಿತು. ಆಗ ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು; ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಆಳುವವರು ಬೇರೆಬೇರೆಯಾಗಿದ್ದರೂ ಕಾಲೇಜಿನ ಬಾಗಿಲು ಒಂದೇ ಆಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ಪ್ರಾರಂಭವಾದ ಮೇಲೆ ಆ ಬಾಗಿಲು ಹತ್ತಿರವಾಯಿತು.

ಆ ಕಾಲದಲ್ಲಿ ಪ್ರಕಟವಾಗುತ್ತಿದ್ದುದು ಉತ್ತೀರ್ಣರಾದವರ ಪಟ್ಟಿ. ಮುಂದೆ ವೃತ್ತಪತ್ರಿಕೆಗಳಲ್ಲಿ ಆಸನಸಂಖ್ಯೆಗಳನ್ನು ಮಾತ್ರ ಸಾಲುಸಾಲಾಗಿ ಅಚ್ಚುಮಾಡುವ ರೂಢಿಯು ಬಂದು ಬಹುಕಾಲ ನಡೆಯಿತು. ಈ ರೂಢಿಯಲ್ಲಿ ಒಂದು ಮರ್ಯಾದೆಯೂ ಒಂದು ಕ್ರೌರ್ಯವೂ ಇದ್ದವು. ಹೆಸರಿಲ್ಲದ ಸಂಖ್ಯೆಯು ಅಪರಿಚಿತರಿಗೆ ಏನನ್ನೂ ಹೇಳುತ್ತಿರಲಿಲ್ಲ, ವಿಷಯವಾರು ಅಂಕಗಳು ಹೊರಬೀಳುತ್ತಿರಲಿಲ್ಲ, ಇದು ಮರ್ಯಾದೆ. ಸಂಖ್ಯೆಯನ್ನು ಮೊದಲೇ ಕೇಳಿಟ್ಟುಕೊಂಡ ನೆರೆಹೊರೆಯವರಿಗೆ ಪತ್ರಿಕೆಯಲ್ಲಿ ಅದು ಕಾಣದಿದ್ದುದೇ ಸುದ್ದಿಯಾಗುತ್ತಿತ್ತು, ಇದು ಕ್ರೌರ್ಯ. ಹೆಸರನ್ನು ಅಡಗಿಸಿದ ಮಾತ್ರಕ್ಕೆ ಗೋಪ್ಯತೆಯು ಸಿದ್ಧಿಸುವುದಿಲ್ಲ, ಸಂಖ್ಯೆಯನ್ನೂ ಕಾಪಾಡಬೇಕೆಂಬ ಪಾಠವು ಆ ಕಾಲದಿಂದಲೇ ದೊರೆಯುತ್ತದೆ.

೩. ಇಂದಿನ ವ್ಯವಸ್ಥೆ

ಇಂದಿನ ಸಾಮಾನ್ಯ ಪ್ರವೇಶಪರೀಕ್ಷೆ, ಎಂದರೆ ಸಿ.ಇ.ಟಿ.ಯು, ಹುಟ್ಟಿದ ಹಿನ್ನೆಲೆಯನ್ನು ಮರೆಯಬಾರದು. ಕಾಲೇಜುಗಳು ಸೀಟನ್ನು ಹಣಕ್ಕೆ ಮಾರುವುದನ್ನು ತಡೆಯಲು ಕರ್ನಾಟಕವು ೧೯೮೪ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯಿದೆಯನ್ನು ಮಾಡಿತು. ಕರ್ನಾಟಕದ ವೈದ್ಯಕೀಯ ಪ್ರವೇಶಕ್ಕೇ ಸಂಬಂಧಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ೧೯೯೨ರಲ್ಲಿಯೂ, ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ೧೯೯೩ರಲ್ಲಿಯೂ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿತು. ೧೯೯೪ರಲ್ಲಿ ಸಿ.ಇ.ಟಿ. ಘಟಕವು ಸ್ಥಾಪಿತವಾಗಿ, ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗೆ ತಲಾ ೬೦ರಂತೆ ೧೮೦ ಅಂಕಗಳು. ಎಂಜಿನಿಯರಿಂಗ್ ರ‍್ಯಾಂಕನ್ನು ನಿರ್ಣಯಿಸುವಾಗ ಇದಕ್ಕೆ ಅರ್ಧ, ದ್ವಿತೀಯ ಪಿ.ಯು.ಸಿ.ಯ ಅದೇ ವಿಷಯಗಳ ಅಂಕಗಳಿಗೆ ಅರ್ಧ ತೂಕವಿರುತ್ತದೆ. ವೈದ್ಯಕೀಯ ಪ್ರವೇಶವು ೨೦೧೬ರಿಂದೀಚೆಗೆ ಅಖಿಲಭಾರತದ ನೀಟ್ ಪರೀಕ್ಷೆಗೆ ಒಳಪಟ್ಟಿದೆ. ಗದುಗಿನಲ್ಲಿ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜೂ, ಲಕ್ಷ್ಮೇಶ್ವರದಲ್ಲಿ ಅಗಡಿ ಎಂಜಿನಿಯರಿಂಗ್ ಕಾಲೇಜೂ, ೨೦೧೫ರಿಂದ ಗದುಗಿನಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇರುವುದರಿಂದ ಈ ರ‍್ಯಾಂಕುಗಳು ಈಗ ದೂರದ ಬೆಂಗಳೂರಿನ ವಿಷಯವಾಗಿ ಉಳಿದಿಲ್ಲ.

ಈ ವ್ಯವಸ್ಥೆಯಲ್ಲಿ ಯಾವ ಅಂಕವನ್ನು ಕಳುಹಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯು ಅಭ್ಯರ್ಥಿಗೆ ಇಲ್ಲ. ಸೀಟು ಹಂಚುವ ಪ್ರಾಧಿಕಾರವು ಅಂಕವನ್ನು ಕಾಣಲೇಬೇಕು. ಸೀಟು ಕೊಡುವ ಕಾಲೇಜೂ ಕಾಣಲೇಬೇಕು. ಪ್ರಶ್ನೆ ಇರುವುದು ಇವರಿಬ್ಬರ ಆಚೆಗಿನವರ ವಿಷಯದಲ್ಲಿ. ಈಚಿನ ವರ್ಷಗಳಲ್ಲಿ ಸಿ.ಇ.ಟಿ. ಫಲಿತಾಂಶವನ್ನು ಕಾಣಲು ನೋಂದಣಿ ಸಂಖ್ಯೆಯನ್ನೂ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನೂ ನಮೂದಿಸುವ ಕ್ರಮವಿದೆ. ಓಣಿಯಲ್ಲಿ ಹುಡುಗನ ಹೆಸರನ್ನರಿಯದವರಾರು? ನೋಂದಣಿ ಸಂಖ್ಯೆಯಾದರೋ ಪ್ರವೇಶಪತ್ರದ ಮೇಲೆ ಅಚ್ಚಾಗಿದ್ದು, ಆ ಪತ್ರವು ಝೆರಾಕ್ಸ್ ಅಂಗಡಿಗೂ ಗೆಳೆಯರ ಮೊಬೈಲಿಗೂ ಹೋಗಿರುತ್ತದೆ. ಬೀಗವೇನೋ ಇದೆ, ಕೀಲಿಕೈಯೂ ಅದೇ ಬಾಗಿಲಿಗೆ ತೂಗುಹಾಕಿದೆ.

೪. ದೇಶಾಂತರದ ಪದ್ಧತಿ

ಹೋಲಿಕೆಗಾಗಿ ಅಮೇರಿಕಾ ದೇಶದ ಎಸ್.ಎ.ಟಿ. ಪರೀಕ್ಷೆಯನ್ನು ನೋಡಬಹುದು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಬರೆಯುವ ಈ ಪರೀಕ್ಷೆಯು ೧೯೨೬ರಲ್ಲಿ ಪ್ರಾರಂಭವಾಯಿತು. ೧೯೫೮ರವರೆಗೆ ಅದರ ಅಂಕಗಳನ್ನು ಶಾಲೆಗೂ ಕಾಲೇಜಿಗೂ ತಿಳಿಸುತ್ತಿದ್ದರೇ ಹೊರತು ಬರೆದ ವಿದ್ಯಾರ್ಥಿಗೆ ನೇರವಾಗಿ ತಿಳಿಸುತ್ತಿರಲಿಲ್ಲ! ಅಳೆಯಲ್ಪಟ್ಟವನಿಗೇ ಅಳತೆಯು ಅಗೋಚರವಾಗಿತ್ತು. ೧೯೭೪ರಲ್ಲಿ ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಗಾಗಿ ಪ್ರತ್ಯೇಕ ಕಾಯಿದೆಯಾಯಿತು. ೨೦೦೯ರಿಂದ, ಹಲವು ಸಲ ಪರೀಕ್ಷೆ ಬರೆದ ವಿದ್ಯಾರ್ಥಿಯು ಯಾವ ದಿನದ ಅಂಕಗಳನ್ನು ಕಾಲೇಜಿಗೆ ಕಳುಹಿಸಬೇಕೆಂಬುದನ್ನು ತಾನೇ ಆರಿಸುವ ಸೌಲಭ್ಯವು ಬಂದಿತು. ಕೆಲವು ಕಾಲೇಜುಗಳು ಮಾತ್ರ ಎಲ್ಲ ಅಂಕಗಳನ್ನೂ ಕೇಳುತ್ತವೆ. ಸುಮಾರು ಐವತ್ತು ವರ್ಷಗಳಲ್ಲಿ ವಿದ್ಯಾರ್ಥಿಯು ತನ್ನ ಅಂಕವನ್ನು ಕಾಣದವನ ಸ್ಥಿತಿಯಿಂದ ಅದನ್ನು ಆರಿಸುವವನ ಸ್ಥಿತಿಗೆ ಬಂದನು.

ಈ ಆಯ್ಕೆಯನ್ನು ಇಲ್ಲಿಗೆ ಹಾಗೆಯೇ ತರಬೇಕೆಂಬುದು ಈ ಲೇಖನದ ಮತವಲ್ಲ. ಅಲ್ಲಿ ಕಾಲೇಜು ಅಭ್ಯರ್ಥಿಯನ್ನು ಹಲವು ಸಂಗತಿಗಳಿಂದ ಪರಿಶೀಲಿಸುವುದು. ಇಲ್ಲಿ ರ‍್ಯಾಂಕಿನ ಒಂದೇ ಸಾಲಿದೆ, ಆ ಸಾಲಿನಲ್ಲಿ ಎಲ್ಲರ ಅಳತೆಯೂ ಒಂದೇ ಆಗಿರಬೇಕು. ಎರಡು ಸಲ ನಡೆಯುವ ನಮ್ಮ ಜೆ.ಇ.ಇ. ಮೇನ್ ಪರೀಕ್ಷೆಯಲ್ಲಿ ಎರಡರೊಳಗೆ ಉತ್ತಮವಾದುದನ್ನು ನಿಯಮವೇ ಪರಿಗಣಿಸುತ್ತದೆ. ಅಲ್ಲಿಯೂ ಅಭ್ಯರ್ಥಿ ಆರಿಸಬೇಕಾದ ಪ್ರಸಂಗವಿಲ್ಲ. ನಮ್ಮಲ್ಲಿ ವಿಚಾರಣೀಯವಾದುದು ಕಾಲೇಜು ಏನನ್ನು ಕಾಣಬೇಕೆಂಬುದಕ್ಕಿಂತ, ಊರು ಏನನ್ನು ಕಾಣಬೇಕೆಂಬುದು.

೫. ಪೂರ್ವಪಕ್ಷ

ಇಲ್ಲಿ ಪ್ರಬಲವಾದ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಅಂಕಗಳನ್ನು ಬಹಿರಂಗಪಡಿಸದಿದ್ದರೆ ಅನ್ಯಾಯವು ಕಾಣುವುದೆಂತು? ಬೆಟಗೇರಿಯ ನೇಕಾರನ ಮಗಳಿಗೆ ತಪ್ಪಿದ ಸೀಟು ಅವಳಿಗಿಂತ ಹಿಂದಿನ ರ‍್ಯಾಂಕಿನವನಿಗೆ ಹೋಗಿದ್ದರೆ, ಪಟ್ಟಿಯು ಕಣ್ಣ ಮುಂದಿದ್ದಾಗಲೇ ಅವಳು ಪ್ರಶ್ನಿಸಬಲ್ಲಳು. ಸೀಟುಗಳನ್ನು ಕತ್ತಲೆಯಲ್ಲಿ ಮಾರುತ್ತಿದ್ದ ಕಾಲಕ್ಕೆ ಬಹಿರಂಗ ಪಟ್ಟಿಯೇ ಬಡವನ ಆಯುಧವಾಗಿ ಬಂದಿತು. ಗೋಪ್ಯತೆಯ ಹೆಸರಿನಲ್ಲಿ ಆ ಆಯುಧವನ್ನು ಕಸಿದುಕೊಳ್ಳಬಾರದು ಎಂಬುದು ಈ ವಾದ.

ಇದು ತಳ್ಳಿಹಾಕಬಹುದಾದ ವಾದವಲ್ಲ. ೨೦೨೪ರ ಮೇ ೫ರಂದು ನಡೆದ ನೀಟ್ ಪರೀಕ್ಷೆಯೇ ಇದಕ್ಕೆ ಸಾಕ್ಷಿ. ಆ ವರ್ಷ ೨೩ ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಪರೀಕ್ಷೆ ಬರೆದರು. ಜೂನ್ ೪ರಂದು ಹೊರಬಿದ್ದ ಫಲಿತಾಂಶದಲ್ಲಿ ೬೭ ಮಂದಿಗೆ ೭೨೦ಕ್ಕೆ ೭೨೦ ಅಂಕಗಳು ಬಂದುದು, ೧,೫೬೩ ಮಂದಿಗೆ ಕೃಪಾಂಕಗಳು ದೊರೆತುದು, ಪ್ರಶ್ನಪತ್ರಿಕೆ ಸೋರಿಕೆಯಾದುದು—ಇವುಗಳಿಂದ ದೇಶದಲ್ಲೆಲ್ಲ ಸಂದೇಹವೆದ್ದಿತು. ಅಂಕಗಳು ಆಯಾ ಅಭ್ಯರ್ಥಿಗೆ ಮಾತ್ರ ತಿಳಿದಿದ್ದಲ್ಲಿ ಯಾವ ಕೇಂದ್ರದಲ್ಲಿ ಅಸಹಜವಾಗಿ ಹೆಚ್ಚು ಅಂಕಗಳು ಬಂದವೆಂಬುದನ್ನು ಹೊರಗಿನವರು ಪರೀಕ್ಷಿಸಲು ಸಾಧ್ಯವಿರಲಿಲ್ಲ.

೬. ಸಿದ್ಧಾಂತ

ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೪ರ ಜುಲೈ ೧೮ರಂದು ಕೊಟ್ಟ ಆಜ್ಞೆಯಲ್ಲಿಯೇ ಈ ಆಕ್ಷೇಪಕ್ಕೆ ಸಮಾಧಾನವು ದೊರೆಯುತ್ತದೆ. ಎಲ್ಲ ಅಭ್ಯರ್ಥಿಗಳ ಅಂಕಗಳನ್ನೂ ನಗರವಾರಾಗಿ, ಕೇಂದ್ರವಾರಾಗಿ ಪ್ರಕಟಿಸಬೇಕು, ಆದರೆ ಅಭ್ಯರ್ಥಿಯ ಗುರುತನ್ನು ಮರೆಮಾಡಬೇಕು ಎಂದು ನ್ಯಾಯಾಲಯವು ವಿಧಿಸಿತು. ಜುಲೈ ೨೦ರಂದು ಪರೀಕ್ಷಾ ಸಂಸ್ಥೆಯು ಹಾಗೆಯೇ ಪ್ರಕಟಿಸಿತು. ಅಂಕವು ಕಣಕ್ಕೆ ಬಂದಿತು. ಅಂಕಿತವು ಮಡಿಲಿನಲ್ಲಿಯೇ ಉಳಿಯಿತು. ಸತ್ಯಶೋಧನೆಗೆ ಸಂಖ್ಯೆಗಳು ಸಾಕಾದವು, ಹೆಸರುಗಳು ಬೇಕಾಗಲಿಲ್ಲ. ನಮ್ಮ ರಾಜ್ಯದಲ್ಲಿಯೂ ಪ್ರತಿಯೊಂದು ಕಾಲೇಜಿನಲ್ಲಿ, ಪ್ರತಿಯೊಂದು ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ದೊರೆಯಿತೆಂಬ ಪಟ್ಟಿಯನ್ನು ಪರೀಕ್ಷಾ ಪ್ರಾಧಿಕಾರವು ಪ್ರಕಟಿಸುತ್ತದೆ. ನೇಕಾರನ ಮಗಳು ತನ್ನ ರ‍್ಯಾಂಕನ್ನು ಅದರೊಡನೆ ಹೋಲಿಸಿ ನೋಡಿದರೆ ಅನ್ಯಾಯವಾಗಿದೆಯೋ ಇಲ್ಲವೋ ಎಂಬುದರ ಸುಳಿವು ಅವಳಿಗೆ ಸಿಗುವುದು. ಅದಕ್ಕಾಗಿ ನೆರೆಮನೆಯ ಹುಡುಗನ ರಸಾಯನಶಾಸ್ತ್ರದ ಅಂಕವನ್ನು ತಿಳಿಯಬೇಕಾಗಿಲ್ಲ.

ಶಾಸನವೂ ನ್ಯಾಯನಿರ್ಣಯಗಳೂ ಇದೇ ದಿಕ್ಕಿನಲ್ಲಿ ನಡೆದಿವೆ. ೨೦೧೧ರಲ್ಲಿ ಆದಿತ್ಯ ಬಂದೋಪಾಧ್ಯಾಯ ಮೊಕದ್ದಮೆಯಲ್ಲಿ, ಬರೆದವನು ತನ್ನ ಉತ್ತರಪತ್ರಿಕೆಯನ್ನು ನೋಡಲು ಮಾಹಿತಿ ಹಕ್ಕಿನ ಕಾಯಿದೆಯಂತೆ ಅಧಿಕಾರಿಯೆಂದು ಸುಪ್ರೀಂ ಕೋರ್ಟು ನಿರ್ಣಯಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿತು. ೨೦೧೯ರ ಸುಭಾಷ್ ಚಂದ್ರ ಅಗರವಾಲ್ ಮೊಕದ್ದಮೆಯಲ್ಲಿ, ಪಡೆದ ಅಂಕಗಳೂ ಉತ್ತರಪತ್ರಿಕೆಗಳೂ ವೈಯಕ್ತಿಕ ಮಾಹಿತಿಯ ವರ್ಗಕ್ಕೆ ಸೇರಿದವೆಂದು ಅದೇ ನ್ಯಾಯಾಲಯವು ಎಣಿಸಿತು. ಹೀಗೆ, ತನ್ನ ಅಂಕದ ಮೂಲವನ್ನು ತಾನು ಕಾಣುವುದು ಹಕ್ಕು. ಪರರ ಅಂಕವನ್ನು ಹೆಸರುಸಹಿತ ಕಾಣಬಯಸುವವನು ಅದಕ್ಕೆ ಸಾರ್ವಜನಿಕ ಹಿತದ ಕಾರಣವನ್ನು ತೋರಿಸಬೇಕು.

ಫ್ಲೆಕ್ಸ್ ಹಲಗೆಗಳ ವಿಷಯದಲ್ಲಿ ೨೦೨೪ರ ನವೆಂಬರ್ ೧೩ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಸಂಸ್ಥೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯು ವಿಶೇಷವಾಗಿ ಗಮನಾರ್ಹವಾದುದು. ವಿದ್ಯಾರ್ಥಿಯ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಜಾಹೀರಾತಿನಲ್ಲಿ ಬಳಸಬೇಕಾದರೆ ಅವನ ಲಿಖಿತ ಸಮ್ಮತಿ ಬೇಕು. ಆ ಸಮ್ಮತಿಯನ್ನು ಅವನು ಯಶಸ್ಸನ್ನು ಪಡೆದ ಮೇಲೆಯೇ ಪಡೆಯಬೇಕು. ಈ 'ಮೇಲೆ'ಯೆಂಬ ಪದದಲ್ಲಿ ವಿವೇಕವಿದೆ. ಪ್ರವೇಶದ ದಿನ, ಶುಲ್ಕ ಕಟ್ಟುವ ಅವಸರದಲ್ಲಿ, ಅಚ್ಚಾದ ನಮೂನೆಯ ಕೆಳಗೆ ಹಾಕಿಸಿಕೊಂಡ ಸಹಿಯು ಸಮ್ಮತಿಯಾಗದು. ಇನ್ನೂ ಹುಟ್ಟದ ಅಂಕಕ್ಕೆ ಅಂಕಿತವನ್ನು ಮೊದಲೇ ಬರೆಯಿಸಿಕೊಂಡಂತೆ ಅದು.

ವ್ಯಕ್ತಿಗತ ದತ್ತಾಂಶ ಸಂರಕ್ಷಣೆಗಾಗಿ ೨೦೨೩ರಲ್ಲಿ ಕಾಯಿದೆಯಾಯಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಯಿತು. ಹದಿನೆಂಟು ತುಂಬದವರನ್ನು ಆ ಕಾಯಿದೆಯು ಮಕ್ಕಳೆಂದು ಗಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಪರಿಶೀಲಿತ ಸಮ್ಮತಿಯನ್ನು ವಿಧಿಸುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ವಯಸ್ಸಿನವರೇ. ಆದರೆ ವ್ಯಕ್ತಿಯು ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಆ ಕಾಯಿದೆಯು ಅನ್ವಯಿಸುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಸಂತೋಷದ ಭರದಲ್ಲಿ ಅಂಕಪಟ್ಟಿಯ ಚಿತ್ರವನ್ನು ಎಲ್ಲರೂ ಕಾಣುವಂತೆ ಹಾಕಿದವನು ಶಾಸನದ ಕವಚವನ್ನು ತಾನೇ ಕಳಚಿಟ್ಟಂತಾಗುವುದು.

೭. ಕೀಲಿಕೈಯ ವಿಚಾರ

ಅಂಕವನ್ನು ಕಂಡವರಿಂದ ಹಾನಿಯೇನು, ನಾಲ್ಕು ದಿನದ ಮಾತಲ್ಲವೇ ಎನ್ನಬಹುದು. ಹಾನಿಯು ಮಾತಿಗಷ್ಟೇ ನಿಲ್ಲುವುದಿಲ್ಲ. ಸಿ.ಇ.ಟಿ.ಯ ಅನಂತರ ಅಭ್ಯರ್ಥಿಯು ತನಗೆ ಬೇಕಾದ ಕಾಲೇಜುಗಳ ಹೆಸರುಗಳನ್ನು ಕ್ರಮವಾಗಿ ನಮೂದಿಸಬೇಕು. ಸೀಟು ಬಂದರೆ ಒಪ್ಪಬೇಕು ಅಥವಾ ಬಿಡಬೇಕು. ಇದೆಲ್ಲವೂ ಗುಪ್ತಪದದಿಂದಲೂ ಮೊಬೈಲಿಗೆ ಬರುವ ಓಟಿಪಿಯಿಂದಲೂ ನಡೆಯುವ ಕಾರ್ಯ. ೨೦೨೪ರ ಕೊನೆಯಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ತಡೆಹಿಡಿದ ಪ್ರಕರಣವೊಂದು ಬೆಂಗಳೂರಿನಲ್ಲಿ ದಾಖಲಾಗಿ ಹಲವರ ಬಂಧನವಾಯಿತು. ಸೀಟನ್ನು ಬಯಸದ ಅಭ್ಯರ್ಥಿಗಳ ಗುಪ್ತಪದಗಳನ್ನು ಸಂಪಾದಿಸಿ, ಅವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಆರಿಸಿ ಖಾಲಿ ಉಳಿಸಿದರೆಂಬುದು ಅಲ್ಲಿಯ ಆರೋಪ. ಒಳ್ಳೆಯ ರ‍್ಯಾಂಕು ಯಾರಿಗಿದೆ, ಅವರಲ್ಲಿ ಸೀಟು ಬೇಡವಾದವರಾರು ಎಂಬುದು ತಿಳಿದವನಿಗೇ ಇಂತಹ ವ್ಯಾಪಾರವು ಸುಲಭ. ಅಂತಹ ಒಂದು ಸೀಟು ಮರೆಯಾದಾಗ ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ಕಾಯುತ್ತಿರುವ ಬಡ ವಿದ್ಯಾರ್ಥಿಯೊಬ್ಬನ ಪಾಲು ಕರಗುತ್ತದೆ.

ಊರುಗಳಲ್ಲಿ ಅರ್ಜಿಯನ್ನು ಇಂಟರ್‌ನೆಟ್ ಅಂಗಡಿಯಲ್ಲಿ ತುಂಬಿಸುವುದು ರೂಢಿ, ಅದರಲ್ಲಿ ದೋಷವಿಲ್ಲ. ಆದರೆ ಅಲ್ಲಿ ಅಂಗಡಿಯವನ ಮೊಬೈಲ್ ಸಂಖ್ಯೆಯನ್ನೇ ಕೊಡುವುದು, ಗುಪ್ತಪದವನ್ನು ಅವನ ಪುಸ್ತಕದಲ್ಲಿ ಬರೆಯಿಸುವುದು ದೋಷ. ಗುಪ್ತಪದವು ಅಭ್ಯರ್ಥಿಯ ಸಹಿಯೇ ಆಗಿದೆ. ಖಾಲಿ ಕಾಗದದ ಮೇಲೆ ಸಹಿಮಾಡಿ ಅಪರಿಚಿತನ ಕೈಗೆ ಕೊಡುವವರುಂಟೇ?

೮. ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಪ್ರವೇಶಪರೀಕ್ಷೆಯ ಅಂಕವನ್ನು ಕಾಣುವವರಲ್ಲಿ ಮೂರು ವರ್ಗಗಳಿವೆ. ಬರೆದವನು ತನ್ನ ಅಂಕವನ್ನೂ ಅದರ ಮೂಲವನ್ನೂ ಪೂರ್ಣವಾಗಿ ಕಾಣತಕ್ಕವನು. ಸೀಟು ಹಂಚುವ ಪ್ರಾಧಿಕಾರವೂ ಕಾಲೇಜೂ ತಮ್ಮ ಕಾರ್ಯಕ್ಕೆ ಬೇಕಾದಷ್ಟನ್ನು ಕಾಣತಕ್ಕವು. ಸಮಾಜವು ಅಂಕಗಳ ಸಮೂಹವನ್ನು, ರ‍್ಯಾಂಕುಗಳ ಗಡಿಯನ್ನು ಕಾಣತಕ್ಕದ್ದು. ಅದರ ಜೊತೆಗೆ ಹೆಸರನ್ನು ಕೇಳುವ ಅಧಿಕಾರವು ಅದಕ್ಕಿಲ್ಲ.

ಶಾಸನವು ನ್ಯಾಯಾಲಯದಿಂದ ಗದುಗಿನ ಓಣಿಗೆ ಬರುವಷ್ಟರಲ್ಲಿ ಕಾಲವಾಗುವುದು. ಅಧ್ಯಾಪಕರು ಮನಸ್ಸು ಮಾಡಿದರೆ ನಾಳೆಯೇ ನಡೆಯಬಹುದಾದ ಕೆಲವು ಕಾರ್ಯಗಳಿವೆ. ತರಗತಿಯ ಅಂಕಗಳನ್ನು ಹೆಸರಿನೊಡನೆ ಸೂಚನಾಫಲಕಕ್ಕೆ ಅಂಟಿಸದೆ ಪ್ರತಿಯೊಬ್ಬನ ಕೈಗೂ ಬೇರೆಬೇರೆಯಾಗಿ ಕೊಡಬಹುದು. ಪ್ರವೇಶಪರೀಕ್ಷೆಯ ನೋಂದಣಿ ಸಂಖ್ಯೆಗಳನ್ನು ತರಗತಿಯ ಮುಂದೆ ಓದಿಸಿ ಬರೆದುಕೊಳ್ಳುವುದನ್ನು ಬಿಡಬಹುದು. ಫಲಿತಾಂಶದ ದಿನ "ನಿನಗೆಷ್ಟು ಬಂತು?" ಎಂದು ಹತ್ತು ಜನರ ನಡುವೆ ಕೇಳುವುದಕ್ಕೆ ಬದಲು, ಹೇಳಬೇಕೆನಿಸಿದಾಗ ಬಂದು ಹೇಳೆಂದು ಮುಂಚಿತವಾಗಿಯೇ ತಿಳಿಸಬಹುದು. ಫ್ಲೆಕ್ಸ್ ಹಾಕಿಸುವ ಮೊದಲು ಸಂಸ್ಥೆಯವರು ವಿದ್ಯಾರ್ಥಿಯನ್ನೂ ಅವನ ತಂದೆತಾಯಿಗಳನ್ನೂ ಕೇಳುವಂತೆ ಮಾಡಬಹುದು. ಬೇಡವೆಂದವನ ಮೇಲೆ ಮುನಿಸಿಕೊಳ್ಳದಂತೆಯೂ ಮಾಡಬಹುದು. ಅರ್ಜಿ ತುಂಬುವ ದಿನಗಳಲ್ಲಿ ಕಾಲೇಜಿನ ಗಣಕಯಂತ್ರದ ಕೊಠಡಿಯನ್ನು ತೆರೆದಿಟ್ಟರೆ, ಮೊಬೈಲೂ ಹಣವೂ ಇಲ್ಲದ ಹುಡುಗಿಯು ತನ್ನ ಗುಪ್ತಪದವನ್ನು ಪರರಿಗೆ ಕೊಡಬೇಕಾದ ಅವಶ್ಯಕತೆಯು ತಪ್ಪುವುದು.

ಇವುಗಳಲ್ಲಿ ಯಾವುದಕ್ಕೂ ಸರಕಾರದ ಆಜ್ಞೆ ಬೇಕಾಗಿಲ್ಲ. ಅಂಕಿತವು ಕರ್ತೃವಿನದೆಂಬ ತತ್ತ್ವವನ್ನು ಸಾಹಿತ್ಯದ ಅಧ್ಯಾಪಕರು ವಚನಗಳನ್ನೂ ಭಾರತವನ್ನೂ ಪಾಠಹೇಳುವಾಗ ಪ್ರತಿವರ್ಷವೂ ಬೋಧಿಸುತ್ತಲೇ ಇರುವರು. ತಮ್ಮ ಮುಂದೆ ಕುಳಿತ ಹದಿನೇಳು ವರ್ಷದ ವಿದ್ಯಾರ್ಥಿಗಳಿಗೂ ಅದು ಸಲ್ಲತಕ್ಕದ್ದು.